ದಾರಿಯ ಮಂದಿ

ನಮ್ಮ ಊರಿನಲ್ಲಿ ಈಗಲೂ ಯಾರಾದರೂ ವಿಳಾಸ ಕೇಳಿದರೆ 'ಪಿ.ಬಿ. ರೋಡಿನ ಮ್ಯಾಲೆ' ಎನ್ನುತ್ತೇವೆ. ಪಿ.ಬಿ. ಎಂದರೆ ಪೂನಾ–ಬೆಂಗಳೂರು ಎಂದು ಗೊತ್ತಿಲ್ಲದ ಮಕ್ಕಳೂ ಹಾಗೆಯೇ ಎನ್ನುತ್ತಾರೆ. ರಾಣೆಬೆನ್ನೂರಿನಲ್ಲಷ್ಟೇ ಅಲ್ಲ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲಿಗೆ ಹೋದರೂ ಅಲ್ಲೊಂದು ಪಿ.ಬಿ. ರೋಡು ಇದ್ದೇ ಇರುತ್ತದೆ. ಪೂನಾ ಪುಣೆಯಾಯಿತು, ಬ್ಯಾಂಗಲೋರು ಬೆಂಗಳೂರಾಯಿತು, ದೊಡ್ಡ ರಸ್ತೆ ಊರ ಹೊರಗೆ ಹೋಗಿ ಮಲಗಿತು. ಹೆಸರು ಮಾತ್ರ ಊರೊಳಗೇ ಉಳಿಯಿತು. ಹೋದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ರಸ್ತೆ ಹೊರಗ ಹೋದ ಮ್ಯಾಲೂ ಹೆಸರು ಯಾಕ್ರೀ ಇಲ್ಲೇ ಐತಿ?" ಎಂದು ಕೇಳಿದಳು. ಗಂಡ ಹೋದ ಮೇಲೂ ಹೆಂಗಸರ ಹೆಸರಿನ ಮುಂದೆ ಅವನ ಹೆಸರು ಇರುವುದಿಲ್ಲವೇ, ಹಾಗೆ, ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಏಳನೆಯ ತರಗತಿಗೆ ಅದು ಹೆಚ್ಚಾಗುತ್ತಿತ್ತು.

ಸರಕಾರ ಈ ರಸ್ತೆಗೆ ಕೊಟ್ಟ ಹೆಸರು ಬೇರೆ. ನಾನು ಓದುವಾಗ ಅದು ನಾಲ್ಕನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ. ಮುಂಬಯಿಯ ಕಡೆಯಿಂದ ಹೊರಟು ಪುಣೆ, ಸಾತಾರಾ, ಕೊಲ್ಹಾಪುರ ದಾಟಿ, ನಿಪ್ಪಾಣಿಯಲ್ಲಿ ನಮ್ಮ ರಾಜ್ಯ ಹೊಕ್ಕು, ಬೆಂಗಳೂರು, ಕೋಲಾರ, ಚಿತ್ತೂರುಗಳ ಮೇಲೆ ಮದರಾಸಿಗೆ ಹೋಗುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಹಾಕಿದಾಗ, ದೆಹಲಿಯಿಂದ ಮುಂಬಯಿಗೆ ಬರುತ್ತಿದ್ದ ಎಂಟನೆಯ ನಂಬರಿನ ರಸ್ತೆಗೆ ನಮ್ಮ ನಾಲ್ಕನೆಯದರ ಬಹುಭಾಗವನ್ನು ಜೋಡಿಸಿ, ಬೆಂಗಳೂರಿನಿಂದ ಮುಂದೆ ಹೊಸೂರು, ಕೃಷ್ಣಗಿರಿ, ವೇಲೂರಿನ ದಾರಿ ಹಿಡಿಸಿ, ಒಟ್ಟಿಗೆ 48 ಎಂದು ಕರೆದರು. "ಎಂಟೂ ನಾಲ್ಕೂ ಕೂಡಿದ್ರ ಹನ್ನೆರಡಾಗಬೇಕಿತ್ತು" ಎಂದು ನಮ್ಮ ಶಾಲೆಯ ಗಣಿತದ ಟೀಚರು ನಕ್ಕರು. ಈಗ ಅದು ಸುಮಾರು 2,800 ಕಿಲೋಮೀಟರಿನ ರಸ್ತೆ. ದೆಹಲಿ, ಹರಿಯಾಣ, ರಾಜಸ್ಥಾನ, ಗುಜರಾತು, ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು. ಗೋಡೆಯ ಮೇಲಿನ ಭೂಪಟದಲ್ಲಿ ಕೋಲು ಇಟ್ಟು ತೋರಿಸುವಾಗ ಜಯಪುರ, ಅಜ್ಮೇರ, ಉದಯಪುರ, ಅಹಮದಾಬಾದು, ವಡೋದರಾ, ಭರೂಚದಲ್ಲಿ ನರ್ಮದೆ, ಆಮೇಲೆ ಸೂರತ್ತು ಎಂದು ಹೇಳುತ್ತ ಬರುತ್ತೇನೆ. ಮಕ್ಕಳು ಆಕಳಿಸುತ್ತಾರೆ. ಕೋಲು ಹಾವೇರಿಯನ್ನು ದಾಟಿ ನಮ್ಮೂರಿನ ಹತ್ತಿರ ಬಂದಾಗ ಮಾತ್ರ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ನಾನು ಹುಟ್ಟಿದ ಮನೆ ಆ ರಸ್ತೆಯ ಮೇಲೆಯೇ ಇತ್ತು. ಕಟ್ಟೆಯಿಂದ ಇಳಿದು ಹತ್ತು ಹೆಜ್ಜೆ ಇಟ್ಟರೆ ಡಾಂಬರು. ಎರಡು ಲಾರಿ ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕು, ಅಷ್ಟು ಅಗಲ. ಊರ ಹೊರಗೆ ಎರಡೂ ಕಡೆ ಹುಣಸೆ, ಬೇವು. ರಾತ್ರಿ ಮಲಗಿದರೆ ಲಾರಿಯ ಬೆಳಕು ಕಿಟಕಿಯಿಂದ ಹೊಕ್ಕು, ಗೋಡೆಯ ಮೇಲೆ ಓಡಿ, ದೇವರ ಪಟದ ಗಾಜಿಗೆ ಬಡಿದು ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಅವ್ವನಿಗೆ ಒಂದು ಶಬ್ದವಿತ್ತು, 'ದಾರಿ ಮಂದಿ' ಎಂದು. ನೆಂಟರಲ್ಲ, ಓಣಿಯವರಲ್ಲ, ಭಿಕ್ಷುಕರೂ ಅಲ್ಲ. ದಾರಿಯ ಮೇಲೆ ಹೋಗುತ್ತಿರುವಾಗ ಏನಾದರೊಂದು ಕಾರಣಕ್ಕೆ ನಮ್ಮ ಮುಂದೆ ನಿಂತುಬಿಟ್ಟವರು. ಬಸ್ಸು ಕೆಟ್ಟವರು, ಬಾಣಂತಿಯನ್ನು ಕರೆದುಕೊಂಡು ಹೊರಟು ಮಳೆಗೆ ಸಿಕ್ಕವರು, ಉಳವಿಗೋ ಎಲ್ಲಮ್ಮನ ಗುಡ್ಡಕ್ಕೋ ಹೊರಟವರು. ಅವರಿಗೆ ನೀರು, ಹೊತ್ತಿಗೆ ಸರಿಯಾಗಿ ಬಂದರೆ ಒಂದು ರೊಟ್ಟಿ. ಅದು ಅವ್ವನ ಲೆಕ್ಕದಲ್ಲಿ ಪುಣ್ಯವೂ ಆಗಿರಲಿಲ್ಲ. ಅಂಗಳ ಕಸಗುಡಿಸಿದ ಹಾಗೆ ಒಂದು ಕೆಲಸ.

ಒಮ್ಮೆ ಒಬ್ಬ ಲಾರಿ ಡ್ರೈವರ್ ಜ್ವರ ಬಂದು ನಮ್ಮ ಕಟ್ಟೆಯ ಮೇಲೆ ಎರಡು ರಾತ್ರಿ ಮಲಗಿದ್ದ. ಕೃಷ್ಣಗಿರಿಯ ಕಡೆಯವನು. ಅವನಿಗೆ ಕನ್ನಡ ಬಾರದು, ಅವ್ವನಿಗೆ ತಮಿಳು ಬಾರದು. ಗಂಜಿ ಎಂಬುದು ಇಬ್ಬರಿಗೂ ತಿಳಿಯಿತು. ಅಪ್ಪ ಸಿಟ್ಟಾದರು. ಯಾರೋ ಏನೋ, ಸತ್ತುಗಿತ್ತರೆ ಪೊಲೀಸರು ನಮ್ಮ ಮನೆಗೆ ಬರುತ್ತಾರೆ ಎಂದರು. ಅವ್ವ ಗಂಜಿ ಆರಿಸುತ್ತ, "ನಮ್ಮ ಹುಡುಗ್ರೂ ನಾಳೆ ಯಾವ್ದರ ಊರಾಗ ಹಿಂಗ ಬಿದ್ದಿರ್ತಾವ. ಅಲ್ಲೂ ಯಾರರ ಒಬ್ಬಾಕಿ ಇರಬೇಕಲ್ಲ?" ಎಂದಳು. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಆರು ತಿಂಗಳ ಮೇಲೆ, ಬೇಸಿಗೆಯಲ್ಲಿ, ಅದೇ ಡ್ರೈವರ್ ಲಾರಿ ನಿಲ್ಲಿಸಿ ಒಂದು ಬುಟ್ಟಿ ಮಾವಿನಹಣ್ಣು ಇಳಿಸಿಹೋದ. ಅಪ್ಪನೇ ಎಲ್ಲರಿಗಿಂತ ಹೆಚ್ಚು ತಿಂದರು.

ಇದನ್ನೆಲ್ಲ ಹೇಳಿ ನನ್ನ ಅವ್ವನನ್ನು ಹೊಗಳಿ ಮುಗಿಸಬಹುದಿತ್ತು. ಈ ಬರಹಕ್ಕೆ ಕೂತಾಗ ಅದೇ ಮನಸ್ಸಿನಲ್ಲಿತ್ತು. ಆದರೆ ನನ್ನದೊಂದು ಸಂಗತಿ ಇದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ.

2013ರ ಡಿಸೆಂಬರು. ತಂಗಿಯ ಮಗಳ ಮದುವೆ ಪುಣೆಯಲ್ಲಿ. ಬಾಡಿಗೆಯ ಗಾಡಿಯಲ್ಲಿ ಹೆಂಗಸರು ಮಕ್ಕಳು ಸೇರಿ ಒಂಬತ್ತು ಜನ ಹೊರಟಿದ್ದೆವು. ಹೊರಡುವಾಗಲೇ ತಡ. ನೆಂಟರ ಜೊತೆ ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ ದಾಟಿ, ಕಿತ್ತೂರು ದಾಟುವ ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು. ಗಾಡಿಯಲ್ಲಿ ಹಾಡು, ಚುರುಮುರಿ, ಯಾರ ಸೀರೆಯ ಬೆಲೆ ಎಷ್ಟು ಎಂಬ ಮಾತು. ನಾನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಮುಂದೆ ರಸ್ತೆಯ ಅಂಚಿಗೆ ಒಂದು ಮೋಟಾರ್ ಸೈಕಲ್ ಬಿದ್ದದ್ದು ಕಂಡಿತು. ಅದರ ಆಚೆ ಒಬ್ಬ ಮನುಷ್ಯ ಮಲಗಿದ್ದ. ಅವನ ಹತ್ತಿರ ಹಸಿರು ಸೀರೆಯ ಒಬ್ಬ ಹೆಂಗಸು ನಿಂತು ಕೈ ಎತ್ತಿದ್ದಳು. ಬೀಸುತ್ತಿರಲಿಲ್ಲ, ಸುಮ್ಮನೆ ಎತ್ತಿ ಹಿಡಿದಿದ್ದಳು, ತರಗತಿಯಲ್ಲಿ ಉತ್ತರ ಗೊತ್ತಿದ್ದ ಹುಡುಗಿ ಎತ್ತಿದ ಹಾಗೆ. ನಮ್ಮ ಡ್ರೈವರ್, ಇಪ್ಪತ್ತೈದರ ಹುಡುಗ, ವೇಗ ಇಳಿಸಿದ. "ನಿಲ್ಲಿಸ್ಲೇನ್ರೀ ಅಕ್ಕಾರ?" ಎಂದು ಕೇಳಿದ.

"ನಡಿಯಪ್ಪ, ತಡ ಆಗೇತಿ. ಹಿಂದಿನವರು ನೋಡ್ತಾರ" ಎಂದವಳು ನಾನು.

ಹಿಂದೆ ಕೂತವರಲ್ಲಿ ಯಾರೂ ಹಾಗೆ ಹೇಳಲಿಲ್ಲ. ಅರ್ಧ ಮಂದಿ ನೋಡಿರಲೂ ಇಲ್ಲ. ಗಾಡಿ ಮುಂದೆ ಹೋಯಿತು. ಎರಡು ಮೂರು ನಿಮಿಷದ ಮೇಲೆ ನನಗೇ ತಡೆಯಲಾಗದೆ ಚೀಲದಿಂದ ಫೋನು ತೆಗೆದು 108ಕ್ಕೆ ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನದಿಂದ ಕೇಳಿದಳು. ಯಾವ ತಾಲ್ಲೂಕು? ಹೈವೇ ಮ್ಯಾಲೆ ಎಂದೆ. ಹತ್ತಿರದ ಹಳ್ಳಿ ಯಾವುದು? ಕಿತ್ತೂರು ದಾಟಿ ಎಂದೆ. ಎಷ್ಟು ದಾಟಿ? ಗೊತ್ತಿಲ್ಲ. ಕಿಲೋಮೀಟರ್ ಕಲ್ಲು ಏನಾದರೂ ನೋಡಿದಿರಾ? ಇಲ್ಲ. ಪೇಶೆಂಟಿಗೆ ಪ್ರಜ್ಞೆ ಇದೆಯೇ? ಗೊತ್ತಿಲ್ಲ. "ಮೇಡಂ, ನೀವು ಅಲ್ಲೇ ಇದೀರಾ?" ಈ ಪ್ರಶ್ನೆಗೆ ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ನೆನಪಿಲ್ಲ ಎಂದರೆ ನೆನಪಿಡಲು ಮನಸ್ಸಿಲ್ಲ ಎಂದೂ ಇರಬಹುದು.

ಮೂವತ್ತು ವರ್ಷಕ್ಕೆ ಹತ್ತಿರ ಮಕ್ಕಳಿಗೆ ಭೂಪಟದಲ್ಲಿ ಊರು ತೋರಿಸಿದವಳಿಗೆ ತಾನು ಎಲ್ಲಿದ್ದೇನೆ ಎಂದು ಹೇಳಲು ಬರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಮರಳಿ ಬರುವಾಗ ಆ ಜಾಗವನ್ನು ಹುಡುಕಿದೆ. ಹೋಗುವ ರಸ್ತೆಗೂ ಬರುವ ರಸ್ತೆಗೂ ನಡುವೆ ಕಣಗಿಲೆ ಗಿಡಗಳು ಬೆಳೆದು ಆ ಕಡೆ ಏನೂ ಕಾಣುವಂತಿರಲಿಲ್ಲ. ಊರಿಗೆ ಬಂದು ಗ್ರಂಥಾಲಯದಲ್ಲಿ ಆ ನಾಲ್ಕು ದಿನದ ಪತ್ರಿಕೆಗಳನ್ನು ತಿರುವಿದೆ. ಅಂಥ ಸುದ್ದಿ ಇರಲಿಲ್ಲ. ಮನುಷ್ಯ ಬದುಕಿದ, ಅದಕ್ಕೇ ಸುದ್ದಿಯಾಗಲಿಲ್ಲ ಎಂದು ಒಂದು ದಿನ ಅನ್ನಿಸುತ್ತದೆ. ನಮ್ಮೂರಿಗೆ ಬರುವ ಪತ್ರಿಕೆಯಲ್ಲಿ ಬೆಳಗಾವಿಯ ಸುದ್ದಿ ಎಲ್ಲಿ ಹಾಕುತ್ತಾರೆ ಎಂದು ಇನ್ನೊಂದು ದಿನ ಅನ್ನಿಸುತ್ತದೆ.

ಆಗ ನಾನು ಕೊಟ್ಟುಕೊಂಡ ಕಾರಣ ಎಲ್ಲರೂ ಕೊಡುವಂಥದೇ. ನಿಂತರೆ ಪೊಲೀಸು, ಸಾಕ್ಷಿ, ಕೋರ್ಟು. ದವಾಖಾನೆಯಲ್ಲಿ ಹೆಸರು ಬರೆಸು, ದುಡ್ಡು ಕಟ್ಟು. ಈ ಭಯ ಪೂರ್ತಿ ಸುಳ್ಳಾಗಿರಲಿಲ್ಲ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಗಾಯಾಳುವಿಗೆ ನೆರವಾದವರನ್ನು ಹಿಡಿದಿಟ್ಟುಕೊಳ್ಳಬಾರದು, ಹೆಸರು ಹೇಳೆಂದು ಬಲವಂತ ಮಾಡಬಾರದು, ಆಸ್ಪತ್ರೆಯವರು ಅವರಿಂದ ದುಡ್ಡು ಕೇಳಬಾರದು ಎಂಬ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಯೊಳಗೇ ಅದನ್ನು ಸೇರಿಸಿದರು. ನಾನು 'ನಡಿಯಪ್ಪ' ಎಂದದ್ದು ಅದಕ್ಕೂ ಮೊದಲು, ಆದ್ದರಿಂದ ಕಾಲ ನನ್ನ ಪರವಾಗಿದೆ. ಆದರೆ ಈ ತೀರ್ಪನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನಾಚಿಕೆಯಾಯಿತು. ಯಾಕೆಂದರೆ ಆ ಸಂಜೆ ಪೊಲೀಸರ ನೆನಪು ನನಗೆ ಮೊದಲು ಬಂದಿರಲಿಲ್ಲ. ಮೊದಲು ಬಂದದ್ದು ದೇವರೂಟ, ಬೀಗರು, ತಂಗಿಯ ಮುನಿಸು. ಪೊಲೀಸರು ಆಮೇಲೆ, ಹಿರೇಬಾಗೇವಾಡಿಯ ಟೋಲು ದಾಟಿದ ಮೇಲೆ, ನಾನೇ ಕರೆಸಿಕೊಂಡದ್ದು.

ಅದೇ 2016ರ ಫೆಬ್ರುವರಿಯಲ್ಲಿ, ಇದೇ ರಸ್ತೆಯ ಮೇಲೆ, ನೆಲಮಂಗಲದ ಹತ್ತಿರ, ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ ಎಂಬ ಯುವಕನಿಗೆ ಲಾರಿ ಬಡಿದು ದೇಹ ಎರಡಾಯಿತು. ಅವನಿಗೆ ಪ್ರಜ್ಞೆ ಇತ್ತು. ನೆರವು ಬೇಡುತ್ತಿದ್ದವನ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು. ಅಂದರೆ ತೆಗೆಯುತ್ತ ನಿಂತವರು ಇದ್ದರು. ಸಾಯುವ ಮೊದಲು ಅವನು ತನ್ನ ಅಂಗಗಳನ್ನು ದಾನ ಮಾಡಿ ಎಂದ; ಕಣ್ಣುಗಳನ್ನು ದಾನವಾಗಿ ಪಡೆದರು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ, 25,000 ರೂಪಾಯಿಯವರೆಗೆ ಉಚಿತ ಚಿಕಿತ್ಸೆ ಕೊಡುವ ಸರಕಾರದ ಯೋಜನೆಗೆ ಅವನ ಹೆಸರಿಟ್ಟರು. ದಾರಿಯ ಮೇಲೆ ಬಿದ್ದು, ಸುತ್ತ ನಿಂತವರನ್ನು ಬೇಡುತ್ತಿದ್ದವನಿಗೆ ಆ ಗಳಿಗೆಯಲ್ಲಿ ಇನ್ನೊಬ್ಬರಿಗೆ ಕೊಡುವುದು ಹೊಳೆಯಿತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮಾತು ಬರುವುದಿಲ್ಲ.

ಈ ಸಂಗತಿಯನ್ನು ನಾನು ಹೇಳಿದ್ದು ಒಬ್ಬರಿಗೇ, ಗಣಿತದ ಟೀಚರಿಗೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಲೆಕ್ಕ ಹಾಕಿದರು. "ನೋಡ್ರಿ, ಒಂದು ಗಂಟೆಗೆ ತೊಂಬತ್ತು ಕಿಲೋಮೀಟರ್ ಹೋಗೋ ರಸ್ತೆ. ಕತ್ತಲಾಗೇತಿ. ಒಂಬತ್ತು ಮಂದಿ, ಅದರಾಗ ಮಕ್ಕಳು. ನೀವು ನಿಂತು, ಹಿಂದಿಂದ ಲಾರಿ ಬಂದು ಬಡಿದಿದ್ರ? ನಿಮ್ಮ ಅವ್ವನ ಕಾಲ ಬ್ಯಾರೆ. ಆಗ ದಾರಿ ಮಂದಿನ್ನ ನೋಡೂದು ಮನಿ ಹೆಂಗಸರ ಕೆಲಸ. ಈಗ ಅದಕ್ಕ ವ್ಯವಸ್ಥಾ ಐತಿ. 108 ಐತಿ, ಹೈವೇದವರ 1033 ಐತಿ, ಟೋಲಿನಾಗ ಅಂಬುಲನ್ಸ್ ನಿಂತಿರತೈತಿ. ಒಳ್ಳೇ ಮನಸಿಗಿಂತ ಒಳ್ಳೇ ವ್ಯವಸ್ಥಾ ಹೆಚ್ಚು ಜೀವ ಉಳಿಸತೈತಿ."

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸರಕಾರದ್ದೇ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ರಾಷ್ಟ್ರೀಯ ಹೆದ್ದಾರಿಗಳು ದೇಶದ ಒಟ್ಟು ರಸ್ತೆಯಲ್ಲಿ ನೂರಕ್ಕೆ ಎರಡು ಭಾಗವಷ್ಟೇ. ಸಾವುಗಳಲ್ಲಿ ಅವುಗಳ ಪಾಲು ನೂರಕ್ಕೆ ಮೂವತ್ತಾರು. ಇಷ್ಟೊಂದು ಜನರನ್ನು ಕಟ್ಟೆಯ ಮೇಲೆ ಗಂಜಿ ಆರಿಸುವ ಅವ್ವಂದಿರು ಉಳಿಸಲಾರರು. ಅಂಬುಲನ್ಸ್ ಬೇಕು, ರಕ್ತ ಬೇಕು, ತಲೆಯ ಆಪರೇಶನ್ ಮಾಡುವ ಡಾಕ್ಟರು ಬೇಕು. ಅಷ್ಟರ ಮಟ್ಟಿಗೆ ಟೀಚರು ಸರಿ.

ಆದರೆ ವ್ಯವಸ್ಥೆಗೆ ಕಣ್ಣಿಲ್ಲ. ಅದಕ್ಕೆ ಯಾರಾದರೂ ಕಂಡದ್ದನ್ನು ಹೇಳಬೇಕು. ನಾನು ಫೋನು ಮಾಡಿದೆ ನಿಜ, ಏನು ಹೇಳಿದೆ? ಒಂದು ಊರಿನ ಹೆಸರು, ಅದೂ ದಾಟಿಹೋದ ಊರಿನದು. ವ್ಯವಸ್ಥೆ ನನ್ನನ್ನು ನಿಲ್ಲು ಎಂದು ಕೇಳಿರಲಿಲ್ಲ. ನೋಡಿದೆಯಾ ಎಂದಷ್ಟೇ ಕೇಳಿತು. ನಾನು ನೋಡಿರಲಿಲ್ಲ. ಹಸಿರು ಸೀರೆಯೂ ಎತ್ತಿದ ಕೈಯೂ ಕಣ್ಣಿಗೆ ಬಿದ್ದಿದ್ದವು ಅಷ್ಟೆ. ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಪ್ರತಿದಿನ ಪಾಠ ಮಾಡುವವರಿಗೆ ಗೊತ್ತು. ಹಿಂದಿನ ಬೆಂಚಿನ ಹುಡುಗಿಯರು ದಿನವೂ ನಮ್ಮ ಕಣ್ಣಿಗೆ ಬೀಳುತ್ತಾರೆ.

ಅಲ್ಲದೆ ವ್ಯವಸ್ಥೆಯೂ ಯಾರೋ ಒಬ್ಬರು ಮಾಡಿದ್ದೇ. ಅದು ಆಕಾಶದಿಂದ ಬಿದ್ದದ್ದಲ್ಲ. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ದಾವಣಗೆರೆಯ ಗೆಳತಿಯರು ಕೂಡಿ ಗೋವೆಗೆ ಹೊರಟಿದ್ದ ಗಾಡಿ ಧಾರವಾಡದ ಹತ್ತಿರ ಇಟ್ಟಿಗಟ್ಟಿಯ ಬಳಿ ಟಿಪ್ಪರಿಗೆ ಡಿಕ್ಕಿಯಾದದ್ದು ನಿಮಗೆ ನೆನಪಿರಬಹುದು. ಹತ್ತಕ್ಕೂ ಹೆಚ್ಚು ಜನ ಹೋದರು. ಶಾಲೆಯಲ್ಲಿ ಕೂಡಿ ಓದಿದವರು, ಮನೆ, ಮಕ್ಕಳು, ಕೆಲಸ ಎಲ್ಲದರ ನಡುವೆ ಒಂದೆರಡು ದಿನ ಬಿಡುವು ಮಾಡಿಕೊಂಡು ಹೊರಟಿದ್ದವರು. ಆ ಬಿಡುವಿಗೆ ಎಷ್ಟು ದಿನದಿಂದ ಹೊಂಚುಹಾಕಿದ್ದರೋ! ಮನೆ ಬಿಟ್ಟು ಹೊರಡಲು ಎಷ್ಟು ಡಬ್ಬಿ ತುಂಬಿಟ್ಟಿರಬೇಕು ಎಂದು ನಮ್ಮಂಥವರಿಗೆ ಹೇಳಬೇಕಾಗಿಲ್ಲ. ಎರಡು ಕಡೆಯಿಂದಲೂ ನಾಲ್ಕು ಪಥವಾಗಿ ಬರುವ ಹೆದ್ದಾರಿ, ಹುಬ್ಬಳ್ಳಿ–ಧಾರವಾಡದ ಬೈಪಾಸಿನ ಮೂವತ್ತು ಕಿಲೋಮೀಟರಿನಷ್ಟು ಉದ್ದಕ್ಕೆ ಮಾತ್ರ ನಡುವೆ ಗೋಡೆಯೂ ಇಲ್ಲದ ಎರಡೇ ಪಥವಾಗಿತ್ತು. ವರ್ಷಗಟ್ಟಲೆ ಹಾಗೆಯೇ ಇತ್ತು. ಸತ್ತವರ ಮನೆಯವರೂ ಗೆಳತಿಯರೂ ದಾವಣಗೆರೆಯಿಂದ ಬಂದು ಅದೇ ಜಾಗದಲ್ಲಿ ನಿಂತು ಪ್ರತಿಭಟಿಸಿದರು. ಅಗಲಗೊಳಿಸುವ ಕೆಲಸ ಆಮೇಲೆ ಕೈಗೆತ್ತಿಕೊಂಡರು. ಬಿದ್ದವರನ್ನು ದಾಟಿ ಹೋದವಳ ತಪ್ಪು ನನ್ನದು. ಎದುರುಬದುರು ಬಂದರೆ ಬೀಳಲೇಬೇಕಾದ ರಸ್ತೆಯನ್ನು ಹಾಗೆಯೇ ಬಿಟ್ಟವರ ತಪ್ಪಿಗೆ ಮುಖವೇ ಇಲ್ಲ. ಅವರಲ್ಲಿ ಯಾರಿಗೂ ಒಂದು ಹಸಿರು ಸೀರೆ ರಾತ್ರಿ ಕಣ್ಣ ಮುಂದೆ ಬರಲಿಕ್ಕಿಲ್ಲ. ಕಡತಕ್ಕೆ ಕನಸು ಬೀಳುವುದಿಲ್ಲ.

ಅಶೋಕನ ಪಾಠ ಮಾಡುವಾಗ ನಾನು ಈಗ ಸ್ವಲ್ಪ ತಡೆಯುತ್ತೇನೆ. 'ಅಶೋಕನು ರಸ್ತೆಯ ಬದಿಗೆ ಸಾಲುಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು.' ಎರಡು ಅಂಕದ ಪ್ರಶ್ನೆಗೆ ಈ ಉತ್ತರ ಬರೆಯದ ಮಗು ಕರ್ನಾಟಕದಲ್ಲಿ ಇಲ್ಲ. ಇದು ಯಾವ ಕಲ್ಲಿನ ಮೇಲೆ ಇದೆ ಎಂದು ಬಹಳ ವರ್ಷ ನಾನೂ ವಿಚಾರಿಸಿರಲಿಲ್ಲ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಒಂದು ಕಂಬವಿದೆ. ಈಗಿನ ಹರಿಯಾಣದ ಟೋಪ್ರಾ ಎಂಬಲ್ಲಿದ್ದದ್ದನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅಲ್ಲಿಗೆ ತರಿಸಿದ. ಅಶೋಕನ ಏಳನೆಯ ಸ್ತಂಭಶಾಸನ ಇರುವುದು ಆ ಒಂದೇ ಕಂಬದ ಮೇಲೆ. ನಮ್ಮ 48ನೆಯ ಹೆದ್ದಾರಿ ಹೊರಡುವುದೂ ಅದೇ ದೆಹಲಿಯಿಂದ. ದನಕರುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ, ತಂಗಲು ಮನೆ, ಕುಡಿಯಲು ಅಲ್ಲಲ್ಲಿ ಅರವಟಿಗೆ ಮಾಡಿಸಿದೆ ಎಂಬ ಅರ್ಥದ ಮಾತು ಅಲ್ಲಿದೆ. ಪಠ್ಯಪುಸ್ತಕ ಇಲ್ಲಿಗೇ ನಿಲ್ಲುತ್ತದೆ. ಕಂಬ ನಿಲ್ಲುವುದಿಲ್ಲ. ಈ ಸುಖ ಏನು ದೊಡ್ಡದು, ಹಿಂದಿನ ಅರಸರೂ ಮಾಡಿದ್ದರು, ಜನ ಧರ್ಮದಲ್ಲಿ ನಡೆಯಲಿ ಎಂದು ನಾನು ಇದನ್ನು ಮಾಡಿದೆ ಎಂದು ಅವನು ಮುಂದುವರಿಸುತ್ತಾನೆ. ಅಂದರೆ ಮರ ನೆಟ್ಟ ಮೇಲೂ ಅವನಿಗೆ ಸಮಾಧಾನವಿರಲಿಲ್ಲ. ವ್ಯವಸ್ಥೆ ಮಾಡಿಸಿದವನೇ ವ್ಯವಸ್ಥೆ ಸಾಲದು ಎನ್ನುತ್ತಾನೆ. ಗಣಿತದ ಟೀಚರಿಗೆ ಇದನ್ನು ಹೇಳಿದೆ. "ಅವನ ಕಾಲದಾಗ ಟಿಪ್ಪರ್ ಇರ್ಲಿಲ್ಲ" ಎಂದರು.

ನಮ್ಮ ಹುಣಸೆ ಬೇವುಗಳು ಈಗಿಲ್ಲ. 1999ರಲ್ಲಿ ನಾಲ್ಕು ಮಹಾನಗರಗಳನ್ನು ಕೂಡಿಸುವ ಸುವರ್ಣ ಚತುಷ್ಪಥದ ಕೆಲಸಕ್ಕೆ ಕೈಹಾಕಿದರಲ್ಲ, 5,846 ಕಿಲೋಮೀಟರು, ಅದರಲ್ಲಿ ನಮ್ಮ ರಸ್ತೆಯೂ ಸೇರಿತು, ಮರಗಳೂ ಸೇರಿಹೋದವು. ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಮ್ಮ ಶಾಲೆಯಲ್ಲಿ ಮೌನ ಆಚರಿಸಿದೆವು. ಆ ಮರಗಳಿಗೂ ಒಮ್ಮೆ ರಸ್ತೆ ಅಗಲ ಮಾಡುವ ಯೋಜನೆಯ ಕಂಟಕ ಬಂದಿತ್ತು. ಮಕ್ಕಳಿಲ್ಲದ ಆ ತಾಯಿ ಮರಗಳನ್ನು ಮಕ್ಕಳೆಂದರು ಎನ್ನುತ್ತೇವೆ. ನನಗೆ ಹೆಚ್ಚಿನದಾಗಿ ಕಾಣುವುದು ಬೇರೆ. ಬಿಂದಿಗೆ ಹೊತ್ತು ನೀರೆರೆದವಳು ಆ ನೆರಳಿನಲ್ಲಿ ಕೂರುವವರು ಯಾರೆಂದು ಎಂದೂ ಕೇಳಲಿಲ್ಲ.

ಕೇಳಲಿಲ್ಲ ಎಂದೆ. ನನ್ನ ಅವ್ವ ಕೇಳುತ್ತಿದ್ದಳು.

ಇದನ್ನೂ ಬರೆಯಬೇಕು. ದಾರಿ ಮಂದಿ ಬಂದು ನಿಂತರೆ ಅವ್ವನ ಮೊದಲ ಮಾತು "ಯಾವೂರಿನವ್ರು?" ಎಂದು. ಎರಡನೆಯ ಮಾತು "ಯಾರ ಪೈಕಿ?" ಎಂದು. ಎರಡನೆಯದಕ್ಕೆ ಬಂದ ಉತ್ತರದ ಮೇಲೆ ಹಿತ್ತಾಳೆಯ ತಂಬಿಗೆಯೋ, ಅಂಗಳದ ಗೂಟಕ್ಕೆ ಸಿಕ್ಕಿಸಿಟ್ಟ ಅಲ್ಯುಮಿನಿಯಂ ಲೋಟವೋ ಹೊರಗೆ ಬರುತ್ತಿತ್ತು. ಕೆಲವರಿಗೆ ಲೋಟವೂ ಇಲ್ಲ, ಬೊಗಸೆ. ನೀರು ಎಲ್ಲರಿಗೂ ಸಿಕ್ಕಿತು, ನೀರಿನ ರುಚಿಯೂ ಒಂದೇ ಇದ್ದೀತು. ಕುಡಿದವರ ಮುಖ ಒಂದೇ ಇರಲಿಲ್ಲ. ಆ ಕೃಷ್ಣಗಿರಿಯ ಡ್ರೈವರಿಗೆ ಒಳಗಿನ ಬಟ್ಟಲಲ್ಲಿ ಗಂಜಿ ಸಿಕ್ಕದ್ದಕ್ಕೆ ಕಾರಣ ಅವನ ಭಾಷೆ ಅವ್ವನಿಗೆ ತಿಳಿಯದೆ ಇದ್ದದ್ದು. ಅವಳು ಕೇಳಿದಳು, ಅವನಿಗೆ ಅರ್ಥವಾಗಲಿಲ್ಲ, ಜ್ವರದವನನ್ನು ಎರಡು ಸಲ ಕೇಳಲು ಅವಳಿಗೇ ಮನಸ್ಸಾಗಲಿಲ್ಲ. ಮಾವಿನಹಣ್ಣಿನ ಬುಟ್ಟಿ ಬಂದಾಗಲೂ ಕೇಳಲಿಲ್ಲ. ಹಣ್ಣು ಹಿಂದಕ್ಕೆ ಕೊಡಬೇಕಾದೀತು ಎಂಬ ಹೆದರಿಕೆ ಇತ್ತೋ ಏನೋ.

ಹಳೆಯ ರಸ್ತೆ ಒಳ್ಳೆಯದು, ಹೊಸ ರಸ್ತೆ ಕೆಟ್ಟದ್ದು ಎಂದು ಬರೆಯಲು ಹೊರಟಾಗಲೆಲ್ಲ ಆ ಅಲ್ಯುಮಿನಿಯಂ ಲೋಟ ಕಣ್ಣಿಗೆ ಬರುತ್ತದೆ. ಹೊಸ ರಸ್ತೆಯ ಮೇಲೆ ಯಾರೂ ಯಾರ ಪೈಕಿ ಎಂದು ಕೇಳುವುದಿಲ್ಲ. ದಾಬಾದಲ್ಲಿ ಎಲ್ಲರಿಗೂ ಒಂದೇ ಲೋಟ. ಟೋಲಿನಲ್ಲಿ ಎಲ್ಲರಿಗೂ ಒಂದೇ ಸಾಲು, ಈಗ ಫಾಸ್ಟ್ಯಾಗ್ ಬಂದ ಮೇಲೆ ದುಡ್ಡು ತೆಗೆದುಕೊಳ್ಳುವ ಕೈಯೂ ಕಾಣುವುದಿಲ್ಲ. ಇದು ಸಮಾನತೆಯೋ, ಯಾರೂ ಯಾರಿಗೂ ಬೇಡವಾದ ಸ್ಥಿತಿಯೋ ಎಂದು ಕೇಳಿದರೆ ನನಗೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಅವಮಾನ ಮಾಡದೆ ದಾಟಿಹೋಗುವುದು ಮೇಲೋ, ಅವಮಾನ ಮಾಡಿಯಾದರೂ ನೀರು ಕೊಡುವುದು ಮೇಲೋ? ಬೊಗಸೆ ಒಡ್ಡಿದವರನ್ನು ಕೇಳದೆ ನಾವು ಹೇಳುವ ಉತ್ತರಕ್ಕೆ ಬೆಲೆ ಇಲ್ಲ. ಅವರನ್ನು ನಾನು ಎಂದೂ ಕೇಳಿಲ್ಲ. ಇದೇ ರಸ್ತೆಯ ಮೇಲೆ, ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ಇಳಿದರೆ ಸಿದ್ಧಗಂಗೆ. ಅಲ್ಲಿನ ದಾಸೋಹದಲ್ಲಿ ಸಾಲಿನಲ್ಲಿ ಕೂತು ನಾನೂ ಉಂಡಿದ್ದೇನೆ. ಬಡಿಸುವ ಹುಡುಗ ಯಾವೂರೆಂದೂ ಕೇಳಲಿಲ್ಲ, ಯಾರ ಪೈಕಿ ಎಂದೂ ಕೇಳಲಿಲ್ಲ, "ಇನ್ನಷ್ಟು ಸಾರು ಬೇಕಾ ತಾಯಿ?" ಎಂದಷ್ಟೇ ಕೇಳಿದ. ಎರಡೂ ಕೂಡಿ ಬರುವ ದಾರಿ ಇಲ್ಲದೆ ಇಲ್ಲ.

ಬೈಪಾಸು ಬಂದ ಮೇಲೆ ಊರೊಳಗಿನ ಪಿ.ಬಿ. ರೋಡಿಗೆ ದಾರಿ ಮಂದಿ ಬರುವುದಿಲ್ಲ. ಅವ್ವ ಹೋಗಿ ಬಹಳ ವರ್ಷವಾಯಿತು, ಮನೆಯನ್ನು ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಕಟ್ಟೆಯನ್ನು ನಗರಸಭೆಯವರು ಚರಂಡಿಗಾಗಿ ಒಡೆದರು. ಹೊರಗಿನ ಹೆದ್ದಾರಿಯ ಪಕ್ಕದ ಹಳ್ಳಿಗಳ ಹೆಂಗಸರು ಮಾತ್ರ ಮೇವಿನ ಹೊರೆ ಹೊತ್ತು, ಆ ಕಡೆಯ ಹೊಲದಿಂದ ಈ ಕಡೆಯ ಮನೆಗೆ, ಡಿವೈಡರ್ ಹತ್ತಿಳಿದು ದಾಟುತ್ತಾರೆ. ಕೆಳದಾರಿ ಅರ್ಧ ಮೈಲು ಆಚೆ ಇರುತ್ತದೆ. ಹೊರೆ ತಲೆಯ ಮೇಲಿದ್ದವರು ಅರ್ಧ ಮೈಲನ್ನು ಅಳೆಯುವ ರೀತಿಯೇ ಬೇರೆ. ಗಾಡಿಯಲ್ಲಿ ಕೂತ ನಾವು "ಈ ಮಂದಿಗೆ ಬುದ್ಧಿ ಇಲ್ಲ" ಎನ್ನುತ್ತೇವೆ. ಈಗ ದಾರಿ ಮಂದಿ ಅವರೋ ನಾವೋ?

2013ರಿಂದ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯವರು ನಗುತ್ತಾರೆ. ಪ್ರಯಾಣಕ್ಕೆ ಹೊರಟರೆ ಚೀಲದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ದಾರಿಯ ಹಳ್ಳಿಗಳ ಹೆಸರು ಒಂದರ ಕೆಳಗೊಂದು. ದಾಟಿದ ಹಾಗೆ ಗುರುತು ಹಾಕುತ್ತೇನೆ, ಕಿಲೋಮೀಟರ್ ಕಲ್ಲು ಕಂಡರೆ ಅಂಕಿ ಬರೆಯುತ್ತೇನೆ. "ಮೊಬೈಲಿನಾಗ ಮ್ಯಾಪ್ ಐತೆಲ್ಲವ್ವ" ಎಂದು ಮಗ ಎನ್ನುತ್ತಾನೆ. ಇರಲಿ.

ಹೋದ ಬೇಸಿಗೆಯಲ್ಲಿ ಮಗ, ಸೊಸೆಯ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಹಿರಿಯೂರು ದಾಟಿತ್ತು, ಆದಿವಾಲ ದಾಟಿತ್ತು, ಜವನಗೊಂಡನಹಳ್ಳಿ ಬಂದಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ರಸ್ತೆಯ ಅಂಚಿನಲ್ಲಿ ಒಂದು ಬೈಕು, ಅದರ ನೆರಳಲ್ಲಿ ಕೂತ ಒಬ್ಬ ಹೆಂಗಸು, ಅವಳ ಮಡಿಲಲ್ಲಿ ಮಗು. ಯಾರೂ ಕೈ ಎತ್ತಿರಲಿಲ್ಲ. "ನಿಲ್ಲಿಸು" ಎಂದೆ. ಮಗ ನಿಲ್ಲಿಸುವಷ್ಟರಲ್ಲಿ ಕಾರು ನೂರು ಗಜ ಮುಂದೆ ಹೋಗಿತ್ತು. ಬಿಸಿಲಲ್ಲಿ ಹಿಂದಕ್ಕೆ ನಡೆದೆ. ಗಂಡಸು ನನ್ನನ್ನು ನೋಡಿ ಗಾಬರಿಯಾದ. "ಏನಿಲ್ಲಮ್ಮ, ಪೆಟ್ರೋಲ್ ಖಾಲಿ. ತಮ್ಮನಿಗೆ ಫೋನ್ ಮಾಡಿದೀನಿ, ತರ್ತಾನೆ" ಎಂದ. ಅಷ್ಟೆ. ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಬರಲಾರದೆ ಕೈಯಲ್ಲಿದ್ದ ನೀರಿನ ಬಾಟಲಿ ಕೊಡಹೋದೆ. ಮನೆಯ ಸ್ಟೀಲ್ ಬಾಟಲಿ.

ಹೆಂಗಸು ತೆಗೆದುಕೊಳ್ಳಲಿಲ್ಲ. ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆ ದೂರದಲ್ಲಿ ನಿಂತ ಕಾರನ್ನು ನೋಡಿದಳು. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ, ಕುಡಿಯಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವವಳೂ ನಾನೇ.

"ಯಾವೂರಮ್ಮ ನಿಮ್ದು?" ಎಂದು ಕೇಳಿದಳು.

"ರಾಣೆಬೆನ್ನೂರು" ಎಂದೆ.

ಆಮೇಲೆ ಇನ್ನೇನು ಕೇಳುತ್ತಾಳೋ ಎಂದು ನಿಂತೆ. ಅವಳು ಕೇಳಲಿಲ್ಲ. ಬಾಟಲಿ ಇಸಿದುಕೊಂಡು, ಮುಚ್ಚಳ ತಿರುವಿ, ಒಂದಿಷ್ಟು ನೀರನ್ನು ಅಂಗೈಗೆ ಸುರಿದು ತಾನು ಕುಡಿದು ನೋಡಿದಳು. ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು, ಆಮೇಲೆ ಮಗುವಿನ ಬಾಯಿಗೆ ಹಿಡಿದಳು.